ಸ್ಪೋರ್ಟ್ಸ್ ಕಾರು ಖರೀದಿ: ದೊಡ್ಡ ಎಂಜಿನ್ ಬೇಕೋ, ಟಾಪ್ ವೇರಿಯಂಟ್ ಸಾಕೋ? ಲೆಕ್ಕ ಬದಲಿಸಿದ ಜಿಎಸ್‌ಟಿ

ಹದಿನೈದರಿಂದ ಇಪ್ಪತ್ತು ಲಕ್ಷ ರೂಪಾಯಿ ಬಜೆಟ್‌ನಲ್ಲಿ ಚುರುಕಾದ ಕಾರು ಹುಡುಕುವವರಿಗೆ ಶೋರೂಮ್‌ನಲ್ಲಿ ಎದುರಾಗುವ ಪ್ರಶ್ನೆ ಒಂದೇ. ಸಣ್ಣ ಎಂಜಿನ್‌ನ ಟಾಪ್ ವೇರಿಯಂಟ್ ಕೊಂಡು ಎಲ್ಲ ಸೌಲಭ್ಯ ಪಡೆಯುವುದೋ ಅಥವಾ ಇನ್ನಷ್ಟು ಹಣ ಸೇರಿಸಿ ದೊಡ್ಡ ಎಂಜಿನ್ ಪಡೆಯುವುದೋ? ಇದು ಅಭಿರುಚಿಯ ವಿಷಯ ಎಂದು ಮೇಲ್ನೋಟಕ್ಕೆ ಅನಿಸುತ್ತದೆ. ಆದರೆ ಭಾರತದಲ್ಲಿ ಯಾವ ಕಾರಿಗೆ ಎಷ್ಟು ದೊಡ್ಡ ಎಂಜಿನ್ ಸಿಗುತ್ತದೆ ಎಂಬುದನ್ನು ಬಹುಪಾಲು ನಿರ್ಧರಿಸುತ್ತ ಬಂದಿರುವುದು ತೆರಿಗೆ. ಆ ತೆರಿಗೆಯೇ 2025ರ ಸೆಪ್ಟೆಂಬರ್ 22ರಿಂದ ಬದಲಾಗಿದೆ. ಹಾಗಾಗಿ ಹಳೆಯ ಲೆಕ್ಕಾಚಾರವನ್ನು ಮತ್ತೊಮ್ಮೆ ಹಾಕಬೇಕಾಗಿದೆ.

ಒಂದು ಗೋಡೆ ಬಿತ್ತು, ಇನ್ನೊಂದು ಎತ್ತರವಾಯಿತು

ಹಿಂದಿನ ವ್ಯವಸ್ಥೆಯಲ್ಲಿ ಪೆಟ್ರೋಲ್ ಕಾರುಗಳಿಗೆ ಶೇ.28 ಜಿಎಸ್‌ಟಿಯ ಮೇಲೆ ಸೆಸ್ ಸೇರುತ್ತಿತ್ತು. ನಾಲ್ಕು ಮೀಟರ್ ಒಳಗಿನ, 1200 ಸಿಸಿವರೆಗಿನ ಕಾರಿಗೆ ಒಟ್ಟು ಶೇ.29. ಅದಕ್ಕಿಂತ ದೊಡ್ಡದಾದ, 1500 ಸಿಸಿವರೆಗಿನ ಕಾರಿಗೆ ಶೇ.45. 1500 ಸಿಸಿ ದಾಟಿದರೆ ಶೇ.48, ದೊಡ್ಡ ಎಸ್‌ಯುವಿಗಳಿಗೆ ಶೇ.50. ಈಗ ಸೆಸ್ ಇಲ್ಲ. ನಾಲ್ಕು ಮೀಟರ್ ಒಳಗಿದ್ದು ಪೆಟ್ರೋಲ್ ಎಂಜಿನ್ 1200 ಸಿಸಿ, ಡೀಸೆಲ್ ಎಂಜಿನ್ 1500 ಸಿಸಿ ಮೀರದಿದ್ದರೆ ಶೇ.18. ಉಳಿದ ಪೆಟ್ರೋಲ್, ಡೀಸೆಲ್ ಕಾರುಗಳಿಗೆಲ್ಲ ಶೇ.40.

ಇದರಿಂದ ಎರಡು ಪರಿಣಾಮಗಳಾಗಿವೆ. ಮೊದಲನೆಯದು, 1500 ಸಿಸಿ ಎಂಬ ಗೋಡೆ ಬಿದ್ದಿದೆ. ನಮ್ಮ ರಸ್ತೆಗಳಲ್ಲಿ 1497, 1498 ಸಿಸಿ ಎಂಜಿನ್‌ಗಳು ಇಷ್ಟೊಂದು ಕಾಣಲು ಈ ಗೋಡೆಯೂ ಒಂದು ಕಾರಣವಾಗಿತ್ತು. ಈಗ ನಾಲ್ಕು ಮೀಟರ್ ಮೀರಿದ ಕಾರಿನಲ್ಲಿ ಒಂದು ಲೀಟರ್ ಎಂಜಿನ್ ಇದ್ದರೂ ಶೇ.40, ಐದು ಲೀಟರ್ ವಿ8 ಇದ್ದರೂ ಶೇ.40. ಅಂದರೆ ಸೆಡಾನ್ ಕೊಳ್ಳುವವರು ಸಣ್ಣ ಎಂಜಿನ್ ಆರಿಸಿಕೊಂಡರೆ ಜಿಎಸ್‌ಟಿ ದರದಲ್ಲಿ ಅವರಿಗೆ ಯಾವ ರಿಯಾಯಿತಿಯೂ ಇಲ್ಲ.

ಎರಡನೆಯದು, ನಾಲ್ಕು ಮೀಟರ್ ಮತ್ತು 1200 ಸಿಸಿ ಗೋಡೆ ಇನ್ನಷ್ಟು ಎತ್ತರವಾಗಿದೆ. ಶೇ.29 ಮತ್ತು ಶೇ.45ರ ನಡುವೆ 16 ಅಂಶಗಳ ಅಂತರವಿತ್ತು. ಈಗ ಶೇ.18 ಮತ್ತು ಶೇ.40ರ ನಡುವಿನ ಅಂತರ 22 ಅಂಶ. ಮಹೀಂದ್ರ ಥಾರ್ ಇದಕ್ಕೆ ಸ್ಪಷ್ಟ ಉದಾಹರಣೆ. ಮೂರು ಬಾಗಿಲಿನ ಅದೇ ಗಾಡಿಗೆ 1.5 ಲೀಟರ್ ಡೀಸೆಲ್ ಎಂಜಿನ್ ಇದ್ದರೆ ಶೇ.18, 2.0 ಲೀಟರ್ ಪೆಟ್ರೋಲ್ ಅಥವಾ 2.2 ಲೀಟರ್ ಡೀಸೆಲ್ ಇದ್ದರೆ ಶೇ.40.

ಸ್ಪೋರ್ಟಿ ಹ್ಯಾಚ್‌ಬ್ಯಾಕ್: ಎಷ್ಟು ವೇಷ, ಎಷ್ಟು ವೇಗ?

ಈ ಗೋಡೆಯ ನೆರಳು ಹೆಚ್ಚು ಬಿದ್ದಿರುವುದು ಸ್ಪೋರ್ಟಿ ಹ್ಯಾಚ್‌ಬ್ಯಾಕ್‌ಗಳ ಮೇಲೆ. ಹ್ಯುಂಡೈ ಯುರೋಪ್‌ನಲ್ಲಿ ಮಾರಿದ ಐ20 ಎನ್ ಕಾರಿನಲ್ಲಿ 1.6 ಲೀಟರ್ ಟರ್ಬೊ ಎಂಜಿನ್ ಇತ್ತು, ಶಕ್ತಿ 204 ಪಿಎಸ್. ಭಾರತಕ್ಕೆ ಬಂದದ್ದು ಐ20 ಎನ್ ಲೈನ್. ಇದರದ್ದು 998 ಸಿಸಿ ಎಂಜಿನ್, 120 ಪಿಎಸ್ ಶಕ್ತಿ, 172 ಎನ್ಎಂ ಟಾರ್ಕ್. ಹೆಸರಿನಲ್ಲಿ ಒಂದು ಪದದ ವ್ಯತ್ಯಾಸ, ಶಕ್ತಿಯಲ್ಲಿ 84 ಪಿಎಸ್ ವ್ಯತ್ಯಾಸ. ದೊಡ್ಡ ಎಂಜಿನ್ ಹಾಕಿದ್ದರೆ ಸಣ್ಣ ಕಾರಿನ ತೆರಿಗೆ ಅದಕ್ಕೆ ದಕ್ಕುತ್ತಿರಲಿಲ್ಲ.

ಹಾಗೆಂದು ಎನ್ ಲೈನ್ ಬರೀ ಸ್ಟಿಕ್ಕರ್ ಅಲ್ಲ. ಬಿಗಿ ಸಸ್ಪೆನ್ಷನ್, ನಾಲ್ಕೂ ಚಕ್ರಗಳಿಗೆ ಡಿಸ್ಕ್ ಬ್ರೇಕ್, ಬೇರೆ ಎಕ್ಸಾಸ್ಟ್ ಸದ್ದು ಇದರಲ್ಲಿವೆ. 2023ರ ಫೇಸ್‌ಲಿಫ್ಟ್ ನಂತರ ಸಾಮಾನ್ಯ ಐ20ಯಲ್ಲಿ ಟರ್ಬೊ ಎಂಜಿನ್ ತೆಗೆದಿದ್ದರಿಂದ ಆ ಎಂಜಿನ್ ಎನ್ ಲೈನ್‌ಗಷ್ಟೇ ಉಳಿಯಿತು. ಟಾಟಾ 2024ರ ಜೂನ್‌ನಲ್ಲಿ ಬಿಡುಗಡೆ ಮಾಡಿದ ಆಲ್ಟ್ರೋಜ್ ರೇಸರ್ ಕೂಡ ಇದೇ ಗೋಡೆಯೊಳಗಿನ ಕಾರು: 1199 ಸಿಸಿ, 120 ಪಿಎಸ್, 170 ಎನ್ಎಂ.

ಈ ವರ್ಗದಲ್ಲಿ ಖರೀದಿದಾರರು ಕೇಳಬೇಕಾದ ಪ್ರಶ್ನೆ ಇಷ್ಟೇ: ಕೊಡುವ ಹೆಚ್ಚುವರಿ ಹಣ ಬ್ರೇಕ್, ಸಸ್ಪೆನ್ಷನ್, ಟೈರ್, ಗೇರ್‌ಬಾಕ್ಸ್‌ಗೆ ಹೋಗುತ್ತಿದೆಯೋ, ಕೆಂಪು ಹೊಲಿಗೆಯ ಸೀಟಿಗೋ?

ಒಂದೇ ರೂಪ, ಎರಡು ಎಂಜಿನ್

ನಾಲ್ಕು ಮೀಟರ್ ದಾಟಿದ ಮೇಲೆ ಆಯ್ಕೆ ನಿಜಕ್ಕೂ ಕಠಿಣವಾಗುತ್ತದೆ. ಪುಣೆ ಬಳಿಯ ಚಾಕಣ್‌ನಲ್ಲಿ ತಯಾರಾಗುವ ಫೋಕ್ಸ್‌ವ್ಯಾಗನ್ ವರ್ಟಸ್ ಇದಕ್ಕೆ ಉತ್ತಮ ಉದಾಹರಣೆ. 2022ರ ಜೂನ್‌ನಲ್ಲಿ ಬಂದ ಈ ಸೆಡಾನ್‌ಗೆ ಎರಡು ಎಂಜಿನ್: 1.0 ಲೀಟರ್ ಟಿಎಸ್ಐ (115 ಪಿಎಸ್, 178 ಎನ್ಎಂ) ಮತ್ತು 1.5 ಲೀಟರ್ ಟಿಎಸ್ಐ (150 ಪಿಎಸ್, 250 ಎನ್ಎಂ). 2024ರಲ್ಲಿ ಕಂಪನಿ ಜಿಟಿ ಲೈನ್ ಮತ್ತು ಜಿಟಿ ಪ್ಲಸ್ ಸ್ಪೋರ್ಟ್ ಎಂಬ ವೇರಿಯಂಟ್‌ಗಳನ್ನು ತಂದಿತು. ಎರಡಕ್ಕೂ ಕಪ್ಪು ಬಣ್ಣದ ಸ್ಪೋರ್ಟಿ ಅಲಂಕಾರವಿದೆ. ಆದರೆ ಜಿಟಿ ಲೈನ್‌ನೊಳಗೆ ಇರುವುದು ಸಣ್ಣ ಎಂಜಿನ್.

ಅಂಕಿಗಳಲ್ಲಿ 35 ಪಿಎಸ್ ವ್ಯತ್ಯಾಸ ದೊಡ್ಡದಾಗಿ ಕಾಣದಿರಬಹುದು. ದಿನನಿತ್ಯ ಅನುಭವಕ್ಕೆ ಬರುವುದು 72 ಎನ್ಎಂ ಟಾರ್ಕ್ ವ್ಯತ್ಯಾಸ. ಮುಂಬೈ-ಪುಣೆ ಎಕ್ಸ್‌ಪ್ರೆಸ್ ವೇ ಘಾಟಿಯಲ್ಲಿ ನಾಲ್ಕು ಮಂದಿ ಕುಳಿತು, ಎಸಿ ಹಾಕಿಕೊಂಡು ಲಾರಿಯನ್ನು ಹಿಂದಿಕ್ಕುವಾಗ ಅದರ ಬೆಲೆ ಗೊತ್ತಾಗುತ್ತದೆ. ಸಿಲ್ಕ್ ಬೋರ್ಡ್ ಜಂಕ್ಷನ್‌ನಲ್ಲಿ ಇಂಚಿಂಚಾಗಿ ಸಾಗುವವರಿಗೆ ಮಾತ್ರ ಅದು ವರ್ಷಕ್ಕೆ ನಾಲ್ಕು ಬಾರಿಯೂ ಬಳಕೆಗೆ ಬಾರದಿರಬಹುದು.

ಇಲ್ಲಿ ಹಲವರು ಗಮನಿಸದ ಇನ್ನೊಂದು ಅಂಶವಿದೆ. ವರ್ಟಸ್‌ನಲ್ಲಿ ಆಟೊಮ್ಯಾಟಿಕ್ ಬೇಕೆಂದರೆ ಎಂಜಿನ್ ಜತೆ ಗೇರ್‌ಬಾಕ್ಸ್ ಕೂಡ ಬದಲಾಗುತ್ತದೆ. 1.0 ಲೀಟರ್ ಎಂಜಿನ್‌ಗೆ ಸಾಂಪ್ರದಾಯಿಕ ಟಾರ್ಕ್ ಕನ್ವರ್ಟರ್, 1.5 ಲೀಟರ್‌ಗೆ ಏಳು ಗೇರ್‌ಗಳ ಡ್ಯುಯಲ್ ಕ್ಲಚ್ ಡಿಎಸ್‌ಜಿ. ಹೆದ್ದಾರಿಯಲ್ಲಿ ಡಿಎಸ್‌ಜಿ ಕಣ್ಣುಮಿಟುಕಿಸುವಷ್ಟರಲ್ಲಿ ಗೇರ್ ಬದಲಿಸುತ್ತದೆ. ಆದರೆ ನಿಂತು ನಿಂತು ಸಾಗುವ ಟ್ರಾಫಿಕ್‌ನಲ್ಲಿ ಡ್ರೈ ಕ್ಲಚ್ ಬಿಸಿಯಾಗುವುದು ಹೆಚ್ಚು. ಅಲ್ಲಿ ಟಾರ್ಕ್ ಕನ್ವರ್ಟರ್ ನಿರಾಳ. ದಿನಕ್ಕೆ ಎರಡು ಗಂಟೆ ನಗರ ಸಂಚಾರ ಮಾಡುವವರಿಗೆ ಸಣ್ಣ ಎಂಜಿನ್ ರಾಜಿಯ ಆಯ್ಕೆಯಲ್ಲ, ಸರಿಯಾದ ಆಯ್ಕೆಯೇ ಆಗಬಹುದು. ದೊಡ್ಡ ಎಂಜಿನ್ ಬೇಕೇ ಬೇಕು ಎನ್ನುವವರಿಗೆ ಮ್ಯಾನುಯಲ್ ಗೇರ್‌ಬಾಕ್ಸ್ ಕೂಡ ಒಂದು ದಾರಿ.

ಊರು ಬದಲಾದರೆ ಲೆಕ್ಕವೂ ಬದಲು

ಜಿಎಸ್‌ಟಿ ದೇಶಕ್ಕೆಲ್ಲ ಒಂದೇ ಆದರೂ ರಸ್ತೆ ತೆರಿಗೆ ಹಾಗಲ್ಲ. ಕರ್ನಾಟಕದಲ್ಲಿ 10ರಿಂದ 20 ಲಕ್ಷ ರೂ. ಬೆಲೆಯ ಪೆಟ್ರೋಲ್ ಕಾರಿಗೆ ಶೇ.17 ಜೀವಿತಾವಧಿ ತೆರಿಗೆ, ಆ ತೆರಿಗೆಯ ಮೇಲೆ ಶೇ.11 ಸೆಸ್. ಒಟ್ಟು ಶೇ.18.87. ತಮಿಳುನಾಡಿನಲ್ಲಿ ಇದೇ ವರ್ಗಕ್ಕೆ ಶೇ.18, ಮಹಾರಾಷ್ಟ್ರದಲ್ಲಿ ಶೇ.12, ದಿಲ್ಲಿಯಲ್ಲಿ ಶೇ.10.

ಅಂದರೆ 15 ಲಕ್ಷ ರೂ. ಕಾರಿಗೆ ಬೆಂಗಳೂರಿನಲ್ಲಿ ಸುಮಾರು 2.83 ಲಕ್ಷ ರೂ. ತೆರಿಗೆಯಾದರೆ ದಿಲ್ಲಿಯಲ್ಲಿ 1.50 ಲಕ್ಷ ರೂ. ದೊಡ್ಡ ಎಂಜಿನ್‌ಗಾಗಿ 3 ಲಕ್ಷ ರೂ. ಹೆಚ್ಚು ಕೊಟ್ಟರೆ ಬೆಂಗಳೂರಿನಲ್ಲಿ ಅದರ ಮೇಲೆ ಇನ್ನೂ ಸುಮಾರು 57 ಸಾವಿರ ರೂ. ತೆರಬೇಕು. ದಿಲ್ಲಿಯಲ್ಲಿ 30 ಸಾವಿರ ರೂ. ಸಾಕು.

ತೆರಿಗೆಯ ಮೆಟ್ಟಿಲುಗಳ ಬಗ್ಗೆಯೂ ಎಚ್ಚರ ಬೇಕು. ದಿಲ್ಲಿಯಲ್ಲಿ 9.90 ಲಕ್ಷ ರೂ. ವೇರಿಯಂಟ್‌ಗೆ ಶೇ.7ರಂತೆ 69,300 ರೂ. ತೆರಿಗೆ. 20 ಸಾವಿರ ಹೆಚ್ಚು ಕೊಟ್ಟು 10.10 ಲಕ್ಷದ ವೇರಿಯಂಟ್ ಆರಿಸಿದರೆ ಪೂರ್ತಿ ಮೊತ್ತಕ್ಕೆ ಶೇ.10 ಅನ್ವಯಿಸಿ 1.01 ಲಕ್ಷ ರೂ. ಆಗುತ್ತದೆ. ಒಂದು ಸನ್‌ರೂಫ್‌ನ ಆಸೆಗೆ ತೆರಿಗೆಯೇ 31,700 ರೂ. ಏರಿದಂತಾಯಿತು.

ಹೈದರಾಬಾದ್‌ನಿಂದ ಬೆಂಗಳೂರಿಗೆ, ಪುಣೆಯಿಂದ ಚೆನ್ನೈಗೆ ವರ್ಗವಾಗುವ ಸಾಧ್ಯತೆ ಇರುವವರು ಇನ್ನೂ ಒಂದು ಹೆಜ್ಜೆ ಮುಂದೆ ಯೋಚಿಸಬೇಕು. ಬೇರೆ ರಾಜ್ಯದಲ್ಲಿ ಕಾರನ್ನು 12 ತಿಂಗಳಿಗಿಂತ ಹೆಚ್ಚು ಇಟ್ಟುಕೊಂಡರೆ ಅಲ್ಲಿ ಮರುನೋಂದಣಿ ಮಾಡಿಸಿ ತೆರಿಗೆ ಕಟ್ಟಬೇಕಾಗುತ್ತದೆ. ಸರ್ಕಾರಿ ನೌಕರರು ಹಾಗೂ ನಾಲ್ಕು ಅಥವಾ ಹೆಚ್ಚು ರಾಜ್ಯಗಳಲ್ಲಿ ಕಚೇರಿ ಇರುವ ಖಾಸಗಿ ಸಂಸ್ಥೆಗಳ ಉದ್ಯೋಗಿಗಳಿಗಾಗಿ 2021ರಲ್ಲಿ ಬಿಎಚ್ ಸರಣಿ ನೋಂದಣಿ ಬಂದಿದೆ. ಅರ್ಹತೆ ಇದ್ದರೆ ಕಾರು ಬುಕ್ ಮಾಡುವ ಮೊದಲೇ ವಿಚಾರಿಸುವುದು ಒಳ್ಳೆಯದು.

ಖರೀದಿಯ ನಂತರದ ಖರ್ಚು

ವಿಮೆಯಲ್ಲಿ ಎಂಜಿನ್ ಗಾತ್ರ ಇನ್ನೂ ಲೆಕ್ಕಕ್ಕೆ ಬರುತ್ತದೆ. ಹೊಸ ಕಾರಿಗೆ ಕಡ್ಡಾಯವಾದ ಮೂರು ವರ್ಷದ ಥರ್ಡ್ ಪಾರ್ಟಿ ಪ್ರೀಮಿಯಂ 2022ರಲ್ಲಿ ನಿಗದಿಯಾದ ದರದಂತೆ 1000 ಸಿಸಿವರೆಗೆ 6,521 ರೂ., 1500 ಸಿಸಿವರೆಗೆ 10,640 ರೂ., ಅದಕ್ಕೂ ಮೇಲೆ 24,596 ರೂ. ಜಿಎಸ್‌ಟಿಯಲ್ಲಿ ಬಿದ್ದ 1500 ಸಿಸಿ ಗೋಡೆ ವಿಮೆಯಲ್ಲಿ ಉಳಿದುಕೊಂಡಿದೆ.

ಸಾಲದ ಲೆಕ್ಕವೂ ಇದೆ. ಹೆಚ್ಚುವರಿ 3 ಲಕ್ಷ ರೂ.ಗೆ ಶೇ.9ರ ಬಡ್ಡಿಯಲ್ಲಿ ಐದು ವರ್ಷದ ಸಾಲ ಪಡೆದರೆ ಕಂತು ತಿಂಗಳಿಗೆ ಸುಮಾರು 6,230 ರೂ. ಅವಧಿ ಮುಗಿಯುವ ಹೊತ್ತಿಗೆ ಬಡ್ಡಿಯೇ 73 ಸಾವಿರ ರೂ. ದಾಟಿರುತ್ತದೆ. ಈ ಕಂತು ಕಟ್ಟಿದ ಮೇಲೆ ಒಳ್ಳೆಯ ಟೈರ್, ಸಕಾಲದ ಸರ್ವಿಸ್‌ಗೆ ಹಣ ಉಳಿಯದಿದ್ದರೆ ದೊಡ್ಡ ಎಂಜಿನ್ ವರವಾಗುವುದಿಲ್ಲ, ಹೊರೆಯಾಗುತ್ತದೆ. ಸವೆದ ಟೈರ್‌ನ 150 ಪಿಎಸ್ ಕಾರು, ಒಳ್ಳೆಯ ಟೈರ್‌ನ 115 ಪಿಎಸ್ ಕಾರಿಗಿಂತ ಅಪಾಯಕಾರಿ.

ಮಳೆಗಾಲದಲ್ಲಿ ರಸ್ತೆಗಳೇ ಕೆರೆಯಾಗುವ ಮುಂಬೈ, ಚೆನ್ನೈನಂಥ ನಗರಗಳಲ್ಲಿ ಎಂಜಿನ್ ಪ್ರೊಟೆಕ್ಟ್ ಆಡ್-ಆನ್ ಕೂಡ ಲೆಕ್ಕದಲ್ಲಿರಲಿ. ನೀರು ನುಗ್ಗಿದ ಎಂಜಿನ್ ಅನ್ನು ಚಾಲೂ ಮಾಡಿ ಆಗುವ ಹಾನಿಗೆ ಸಾಮಾನ್ಯ ಪಾಲಿಸಿ ಪರಿಹಾರ ಕೊಡುವುದಿಲ್ಲ.

ಆಯ್ಕೆಯೇ ಇಲ್ಲದ ಎತ್ತರ

ಬಜೆಟ್ 50 ಲಕ್ಷದ ಆಸುಪಾಸಿಗೆ ಏರಿದರೆ ಆಯ್ಕೆಯ ತಲೆನೋವು ಕಡಿಮೆ. 2025ರಲ್ಲಿ ಬಂದ ಫೋಕ್ಸ್‌ವ್ಯಾಗನ್ ಗಾಲ್ಫ್ ಜಿಟಿಐ (53 ಲಕ್ಷ ರೂ.) ಮತ್ತು ಸ್ಕೋಡಾ ಆಕ್ಟೇವಿಯಾ ಆರ್‌ಎಸ್ (49.99 ಲಕ್ಷ ರೂ.) ಎರಡರಲ್ಲೂ 265 ಪಿಎಸ್‌ನ 2.0 ಲೀಟರ್ ಎಂಜಿನ್. ಪೂರ್ಣ ಆಮದಾದ ಇವು ಒಂದೇ ವೇರಿಯಂಟ್‌ನಲ್ಲಿ, ಸೀಮಿತ ಸಂಖ್ಯೆಯಲ್ಲಿ ಬಂದವು. ಅಮೆರಿಕದಲ್ಲಿ ನಾಲ್ಕು ಸಿಲಿಂಡರ್ ಎಂಜಿನ್‌ನಲ್ಲೂ ಸಿಗುತ್ತಿದ್ದ ಫೋರ್ಡ್ ಮಸ್ಟಾಂಗ್ ಕೂಡ 2016ರಲ್ಲಿ ಭಾರತಕ್ಕೆ ಬಂದದ್ದು 5.0 ಲೀಟರ್ ವಿ8 ಎಂಜಿನ್‌ನಲ್ಲಿ ಮಾತ್ರ.

ಸ್ಥಳೀಯ ಜೋಡಣೆಯಾದರೆ ಚಿತ್ರ ಬದಲಾಗುತ್ತದೆ. ಚೆನ್ನೈ ಘಟಕದಲ್ಲಿ ಜೋಡಣೆಯಾಗುವ ಬಿಎಂಡಬ್ಲ್ಯು ಎಂ340ಐ 2021ರಲ್ಲಿ 62.90 ಲಕ್ಷ ರೂ.ಗೆ ಬಂದಿತ್ತು. ಆರು ಸಿಲಿಂಡರ್‌ನ ಈ ಕಾರು ಪೂರ್ಣ ಆಮದಾಗಿದ್ದರೆ ಆ ಬೆಲೆಗೆ ಸಿಗುತ್ತಿರಲಿಲ್ಲ.

ಅಂಕಿಗಳನ್ನೇ ನಂಬಬಾರದು ಎಂಬುದಕ್ಕೂ ಈ ಎತ್ತರದಲ್ಲೇ ಸಾಕ್ಷಿ ಇದೆ. ಮರ್ಸಿಡಿಸ್-ಎಎಂಜಿ ಸಿ63 ಕಾರಿನಲ್ಲಿ 4.0 ಲೀಟರ್ ವಿ8 ತೆಗೆದು 2.0 ಲೀಟರ್ ಟರ್ಬೊ ಮತ್ತು ವಿದ್ಯುತ್ ಮೋಟಾರ್ ಅಳವಡಿಸಲಾಯಿತು. ಶಕ್ತಿ 680 ಪಿಎಸ್‌ಗೆ ಏರಿತು, ತೂಕವೂ ಎರಡು ಟನ್ ದಾಟಿತು. ಹಳೆಯ ಎಂಜಿನ್‌ನ ಸದ್ದು, ಹಗುರತನಕ್ಕೆ ಮನಸೋತಿದ್ದ ಹಲವರು ಇದನ್ನು ಒಪ್ಪಲಿಲ್ಲ.

ನಂತರ ಬದಲಿಸಲಾಗದ್ದು ಯಾವುದು?

ಆಯ್ಕೆ ಕಗ್ಗಂಟಾದಾಗ ಒಂದು ಸರಳ ಸೂತ್ರ ನೆರವಿಗೆ ಬರುತ್ತದೆ: ನಂತರ ಬದಲಿಸಲಾಗದ್ದನ್ನು ಮೊದಲು ಆರಿಸಿ. ಟಚ್‌ಸ್ಕ್ರೀನ್, ಸ್ಪೀಕರ್, ಸೀಟ್ ಕವರ್, ಡ್ಯಾಶ್‌ಕ್ಯಾಮ್ ಮುಂದೆಯೂ ಹಾಕಿಸಬಹುದು. ಎಂಜಿನ್, ಗೇರ್‌ಬಾಕ್ಸ್, ಏರ್‌ಬ್ಯಾಗ್ ಹಾಗಲ್ಲ. ಸಣ್ಣ ಎಂಜಿನ್ ಕೊಂಡು ಆಮೇಲೆ ರೀಮ್ಯಾಪ್ ಮಾಡಿಸುವ ಯೋಚನೆ ಇದ್ದರೆ ವಾರಂಟಿ ಕಳೆದುಕೊಳ್ಳುವ ಅಪಾಯವಿದೆ. ತಯಾರಕರ ಮೂಲ ವಿನ್ಯಾಸಕ್ಕೆ ವಿರುದ್ಧವಾಗಿ ವಾಹನ ಮಾರ್ಪಡಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಸ್ಪಷ್ಟಪಡಿಸಿದೆ.

ಹೆದ್ದಾರಿ ಓಡಾಟ ಹೆಚ್ಚಿದ್ದು, ಕಾರನ್ನು ಏಳೆಂಟು ವರ್ಷ ಇಟ್ಟುಕೊಳ್ಳುವವರಿಗೆ ದೊಡ್ಡ ಎಂಜಿನ್‌ನ ಮಧ್ಯಮ ವೇರಿಯಂಟ್ ಸೂಕ್ತ. ನಗರದೊಳಗೇ ತಿರುಗುವವರಿಗೆ ಸಣ್ಣ ಟರ್ಬೊ ಎಂಜಿನ್ ಮತ್ತು ಟಾರ್ಕ್ ಕನ್ವರ್ಟರ್ ಸಾಕು. ಯಾವುದೇ ಆದರೂ ಟೆಸ್ಟ್ ಡ್ರೈವ್ ಮಾಡುವಾಗ ಶೋರೂಮ್ ಎದುರಿನ ಖಾಲಿ ರಸ್ತೆಯಲ್ಲಿ ಎರಡು ಸುತ್ತು ಹೊಡೆದು ಮರಳಬಾರದು. ಮನೆಯವರನ್ನು ಕೂರಿಸಿಕೊಂಡು, ಎಸಿ ಹಾಕಿ, ನಿತ್ಯ ಓಡಾಡುವ ರಸ್ತೆಯಲ್ಲೇ ಎರಡೂ ಎಂಜಿನ್‌ಗಳನ್ನು ಒಂದರ ಹಿಂದೊಂದು ಓಡಿಸಿ ನೋಡಬೇಕು. ಮೂರು ಲಕ್ಷದ ವ್ಯತ್ಯಾಸ ನಿಮಗೆ ಬೇಕೋ ಬೇಡವೋ ಎಂಬುದು ಬ್ರೋಷರ್‌ಗಿಂತ ಬೇಗ ಅಲ್ಲಿ ತಿಳಿಯುತ್ತದೆ.