ಹಾಯಿದೋಣಿಗೆ ಎಂತಹ ಸಿಹಿನೀರಿನ ಯಂತ್ರ?

ದೂರದ ಕಡಲಿಗೆ ಹೊರಡುವ ಹಾಯಿದೋಣಿಯವರು ಸಿಹಿನೀರಿನ ಯಂತ್ರವನ್ನು ಕೊಳ್ಳುವಾಗ, ಅದು ಗಂಟೆಗೆ ಎಷ್ಟು ಲೀಟರು ಕೊಡುವುದೆಂದೇ ಮೊದಲು ವಿಚಾರಿಸುತ್ತಾರೆ. ವಿದ್ಯುತ್ತು ನಿಂತಾಗ ಅದನ್ನು ಕೈಯಿಂದ ನಡೆಸಬಹುದೇ ಎಂಬುದೇ ಮೊದಲ ಪ್ರಶ್ನೆಯಾಗಬೇಕೆಂದು ನಮ್ಮ ಅಭಿಪ್ರಾಯ.

ಒಂದು ಲೀಟರು ಸಮುದ್ರದ ನೀರಿನಲ್ಲಿ ಸುಮಾರು 35 ಗ್ರಾಂ ಲವಣವಿದೆ. ಕುಡಿದರೆ, ಆ ಲವಣವನ್ನು ಹೊರಹಾಕಲು ಮೂತ್ರಪಿಂಡಗಳು ಕುಡಿದುದಕ್ಕಿಂತ ಹೆಚ್ಚು ನೀರನ್ನು ವ್ಯಯಮಾಡಬೇಕಾಗುತ್ತದೆ. ಯಂತ್ರವು ಈ ನೀರನ್ನು ತೆಳುವಾದ ಪೊರೆಯೊಂದಕ್ಕೆ ಒತ್ತುತ್ತದೆ. ನೀರು ದಾಟುತ್ತದೆ, ಲವಣವು ಬಹುಮಟ್ಟಿಗೆ ಹಿಂದುಳಿಯುತ್ತದೆ. ಆದರೆ ಸಮುದ್ರಜಲದ ಅಭಿಸರಣ ಒತ್ತಡವೇ ವಾಯುಮಂಡಲದ ಒತ್ತಡದ ಸುಮಾರು 27 ಪಟ್ಟು. ಯಂತ್ರವು ಅದರ ಇಮ್ಮಡಿಯಷ್ಟನ್ನು ಒದಗಿಸಬೇಕು. ಮನುಷ್ಯನ ತೋಳಿಗೆ ಇದು ಸಾಧ್ಯವೆ? ಸಾಧ್ಯ. ಹೊರಬರುವ ಉಪ್ಪುನೀರಿನಲ್ಲಿ ಉಳಿದಿರುವ ಒತ್ತಡವನ್ನೇ ಪಿಸ್ಟನ್ನಿನ ಹಿಂಬದಿಗೆ ತಿರುಗಿಸಿದರೆ ತೋಳಿನ ಹೊರೆ ಬಹಳ ಹಗುರಾಗುತ್ತದೆ. ಈ ಉಪಾಯವನ್ನು ಕಂಡುಹಿಡಿದವರ ಜಾಣ್ಮೆಗೆ ತಲೆದೂಗಬೇಕು!

1982ರಲ್ಲಿ ಅಟ್ಲಾಂಟಿಕ್‌ನಲ್ಲಿ ದೋಣಿ ಮುಳುಗಿ, ಸ್ಟೀವನ್ ಕ್ಯಾಲಹನ್ 76 ದಿನ ರಬ್ಬರು ತೆಪ್ಪದಲ್ಲಿ ತೇಲಿದರು. ಬಿಸಿಲಿನಿಂದ ನೀರನ್ನು ಭಟ್ಟಿಯಿಳಿಸುವ ಸಾಧನಗಳಿಂದ ಅವರಿಗೆ ದೊರೆತದ್ದು ದಿನಕ್ಕೆ ಸುಮಾರು ಅರ್ಧ ಲೀಟರು. 1989ರಲ್ಲಿ ಪೆಸಿಫಿಕ್‌ನಲ್ಲಿ ತಿಮಿಂಗಿಲಗಳು ದೋಣಿಯನ್ನೊಡೆದಾಗ, ಬಟ್ಲರ್ ದಂಪತಿಗಳ ತೆಪ್ಪದಲ್ಲಿ ಇಂತಹ ಕೈಪಂಪಿತ್ತು. ಇಬ್ಬರೂ 66 ದಿನ ಬದುಕಿದರು.

ಸ್ನಾನಕ್ಕೂ ಬಟ್ಟೆಗೂ ಸಿಹಿನೀರೇ ಬೇಕೆಂಬವರು ದೊಡ್ಡ ವಿದ್ಯುದ್ಯಂತ್ರವನ್ನೂ ಇಟ್ಟುಕೊಳ್ಳಲಿ, ನಮ್ಮ ಅಡ್ಡಿಯಿಲ್ಲ. (ಅದರ ಪೊರೆಯನ್ನು ಬಂದರಿನ ಕ್ಲೋರೀನು ಬೆರೆತ ನೀರಿನಿಂದ ತೊಳೆಯದಿರಲಿ, ಪೊರೆ ಕೆಡುತ್ತದೆ.) ಕೈಯಂತ್ರವನ್ನು ಮಾತ್ರ ದೋಣಿಯ ತಳದಲ್ಲಿ ಬೋಲ್ಟು ಹಾಕಿ ಬಿಗಿಯದೆ, ತೆಪ್ಪದೊಡನೆ ಎತ್ತಿಕೊಳ್ಳುವ ಚೀಲದಲ್ಲಿಡಬೇಕು.