ಮಕ್ಕಳ ಪರದೆಯ ಮೇಲೆ ಯಾರಿಗೆ ಜಾಗ?

ಆಟೋ ನಗರದ ಗ್ಯಾರೇಜುಗಳ ಸಾಲಿನಲ್ಲಿ, ಖಾನಾಪುರದ ಚಹದಂಗಡಿಗಳಲ್ಲಿ ಒಂದು ಮಾತು ಆಗಾಗ ಕಿವಿಗೆ ಬೀಳುತ್ತದೆ. ಪರದೇಶದ ಕಂಪನಿಗಳು ಮಕ್ಕಳ ಕಾರ್ಟೂನು ಚಿತ್ರಗಳಲ್ಲಿ ಗಂಡಿಗೆ ಗಂಡು, ಹೆಣ್ಣಿಗೆ ಹೆಣ್ಣು ಜೋಡಿ ಮಾಡಿ ತೋರಿಸುತ್ತಿವೆಯಂತೆ. ನಮ್ಮ ಹುಡುಗರು ಮೊಬೈಲಿನಲ್ಲಿ ಅದನ್ನೇ ನೋಡಿ ಕೆಡುತ್ತಾರಂತೆ. ಹೀಗೆ ಹೇಳುವವರಲ್ಲಿ ಹೆಚ್ಚಿನವರು ಆ ಚಿತ್ರಗಳನ್ನು ನೋಡಿದವರಲ್ಲ. ವಾಟ್ಸಾಪಿನಲ್ಲಿ ಬಂದದ್ದನ್ನು ಮುಂದಕ್ಕೆ ದಾಟಿಸಿದವರು. ಅವರನ್ನು ಹಳಿಯುವುದು ನನ್ನ ಉದ್ದೇಶವಲ್ಲ. ಹಗಲೆಲ್ಲ ಲೇತ್ ಯಂತ್ರದ ಮುಂದೆ ನಿಂತು ಮನೆಗೆ ಬಂದವನಿಗೆ, ಮಗ ಏನು ನೋಡುತ್ತಿದ್ದಾನೆಂದು ಪಕ್ಕದಲ್ಲಿ ಕುಳಿತು ನೋಡುವ ಬಿಡುವಾದರೂ ಎಲ್ಲಿದೆ? ಆದರೆ ಗುಲ್ಲೆಬ್ಬಿಸುವ ಮುನ್ನ ಸಂಗತಿಯೇನೆಂದು ತಿಳಿದುಕೊಳ್ಳುವುದು ಲೇಸು.

ಹೆಚ್ಚು ಗದ್ದಲಕ್ಕೆ ಕಾರಣವಾದದ್ದು ‘ಲೈಟ್‌ಇಯರ್’ ಎಂಬ ಚಿತ್ರ. ಡಿಸ್ನಿ ಕಂಪನಿಗೆ ಸೇರಿದ ಪಿಕ್ಸಾರ್ ಸಂಸ್ಥೆ ಅದನ್ನು 2022ರ ಜೂನ್ ತಿಂಗಳಲ್ಲಿ ತೆರೆಗೆ ತಂದಿತು. ಕಥೆ ಇಷ್ಟೇ: ಬಜ್ ಎಂಬೊಬ್ಬ ಆಕಾಶಯಾನಿ ದೂರದ ಗ್ರಹವೊಂದರಲ್ಲಿ ಸಿಕ್ಕಿಬಿದ್ದ ತನ್ನವರನ್ನು ಬಿಡಿಸಿ ತರಲು ಮತ್ತೆ ಮತ್ತೆ ಹಾರುತ್ತಾನೆ. ಒಂದು ಹಾರಾಟ ಅವನಿಗೆ ನಾಲ್ಕು ನಿಮಿಷ. ನೆಲದ ಮೇಲಿದ್ದವರಿಗೆ ನಾಲ್ಕು ವರ್ಷ. ಅವನ ಮೇಲಧಿಕಾರಿಯೂ ಜೀವದ ಗೆಳತಿಯೂ ಆದವಳು ಅಲಿಶಾ ಎಂಬ ಕಪ್ಪು ಹೆಂಗಸು. ಅವನು ಇಳಿದು ಬಂದಾಗಲೊಮ್ಮೆ ಅವಳ ಬಾಳಿನಲ್ಲಿ ಒಂದು ಹೊಸ ಸಂಗತಿ ನಡೆದಿರುತ್ತದೆ. ಮದುವೆ ಗೊತ್ತಾಗಿರುತ್ತದೆ, ಮುಂದೆ ಬಸುರಿಯಾಗಿರುತ್ತಾಳೆ, ಮಗ ದೊಡ್ಡವನಾಗಿರುತ್ತಾನೆ, ತಲೆ ನರೆತಿರುತ್ತದೆ. ಕೊನೆಯ ಸಲ ಇವನು ಇಳಿಯುವಾಗ ಅವಳೇ ಇರುವುದಿಲ್ಲ. ಹೀಗೆ 62 ವರ್ಷ ಕಳೆದುಹೋಗುತ್ತವೆ. ಅಲಿಶಾ ಕೈಹಿಡಿದದ್ದು ಇನ್ನೊಬ್ಬ ಹೆಂಗಸನ್ನು. ಮದುವೆಯ ದಿನದ ನೆನಪಿನ ಔತಣದಲ್ಲಿ ಇಬ್ಬರೂ ಒಂದು ಕ್ಷಣ ಮುತ್ತಿಟ್ಟುಕೊಳ್ಳುತ್ತಾರೆ. ಜಗತ್ತಿನ ಹತ್ತಕ್ಕೂ ಹೆಚ್ಚು ದೇಶಗಳಲ್ಲಿ ಚಿತ್ರ ತೆರೆ ಕಾಣದೆ ಹೋದದ್ದು ಆ ಒಂದು ಕ್ಷಣಕ್ಕಾಗಿ. ಸಂಯುಕ್ತ ಅರಬ್ ಎಮಿರೇಟ್ಸ್, ಮಲೇಷಿಯಾ ಆ ಸಾಲಿನಲ್ಲಿವೆ. ನಮ್ಮ ದೇಶದಲ್ಲಿ ಚಿತ್ರ ನಡೆಯಿತು. ಆಕಾಶವೇನೂ ಕಳಚಿ ಬೀಳಲಿಲ್ಲ.

ಆ ಸಂಸಾರವನ್ನು ಕಥೆಯೊಳಗೆ ಹೊರಗಿನಿಂದ ತುರುಕಿದ್ದಾರೆ ಎಂಬುದು ಆಕ್ಷೇಪ. ನನಗೆ ಹಾಗೆ ಕಾಣುವುದಿಲ್ಲ. ನಾಯಕನ ಕೈಬಿಟ್ಟು ಹೋದ ಕಾಲವೆಷ್ಟು ಎಂಬುದನ್ನು ನಮಗೆ ತೋರಿಸುವ ಗಡಿಯಾರವೇ ಆ ಸಂಸಾರ. ಮುಂದೆ ಅವನ ಜೊತೆ ನಿಂತು ಹೋರಾಡುವವಳು ಅದೇ ಅಲಿಶಾಳ ಮೊಮ್ಮಗಳು. ಅಜ್ಜಿಯ ಮನೆಯನ್ನು ಕಿತ್ತು ತೆಗೆದರೆ ಕಥೆಯೇ ನಿಲ್ಲುವುದಿಲ್ಲ.

ಆದರೆ ದುಡಿಯುವ ಜನ ಮುಖ್ಯವಾಗಿ ಗಮನಿಸಬೇಕಾದದ್ದು ಬೇರೆಯೇ ಇದೆ. ಅದನ್ನು ನಮ್ಮ ದೊಡ್ಡ ಪತ್ರಿಕೆಗಳು ಮೂಲೆಯಲ್ಲಿ ಹಾಕಿ ಕೈತೊಳೆದುಕೊಂಡವು. ಆ ಮುತ್ತಿನ ದೃಶ್ಯವನ್ನು ಬಿಡುಗಡೆಗೆ ಮೊದಲೇ ಕತ್ತರಿಸಿ ಹಾಕಲಾಗಿತ್ತು. ಅಮೆರಿಕದ ಫ್ಲಾರಿಡಾ ರಾಜ್ಯದಲ್ಲಿ ಆಗ ಒಂದು ಮಸೂದೆ ಬಂದಿತ್ತು: ಕೆಳಗಿನ ತರಗತಿಗಳಲ್ಲಿ ಇಂತಹ ಸಂಗತಿಗಳನ್ನು ಮಾಸ್ತರರು ಪಾಠವಾಗಿ ಹೇಳಕೂಡದು ಎಂದು. ಡಿಸ್ನಿ ಕಂಪನಿಯ ದೊಡ್ಡ ವಹಿವಾಟು ಇರುವುದು ಅದೇ ರಾಜ್ಯದಲ್ಲಿ. ಕಂಪನಿಯ ಧಣಿಗಳು ಬಾಯಿಮುಚ್ಚಿ ಕುಳಿತರು. ಆಗ 2022ರ ಮಾರ್ಚಿಯಲ್ಲಿ ಪಿಕ್ಸಾರಿನ ನೌಕರರು, ಎಂದರೆ ಚಿತ್ರ ಬರೆಯುವವರು, ಗೊಂಬೆಗೆ ಚಲನೆ ಕೊಡುವವರು, ಒಂದು ಪತ್ರ ಬರೆದು ಜಗತ್ತಿನೆದುರು ಇಟ್ಟರು. ‘ನಾವು ಇಂತಹ ಪ್ರೀತಿಯನ್ನು ಚಿತ್ರದಲ್ಲಿ ತಂದಾಗಲೆಲ್ಲ ಮೇಲಿನವರು ಕತ್ತರಿ ಹಾಕಿಸುತ್ತಾರೆ’ ಎಂಬುದು ಅದರ ತಿರುಳು. ಅದೇ ತಿಂಗಳು ಡಿಸ್ನಿಯ ನೌಕರರು ಕೆಲಸ ಬಿಟ್ಟು ಹೊರಗೆ ಬಂದರು. ಪತ್ರ ಹೊರಬಿದ್ದ ಮೇಲೆ ಕತ್ತರಿಸಿದ ದೃಶ್ಯ ಚಿತ್ರಕ್ಕೆ ಮರಳಿತು.

ಓದುಗ ಬಂಧುಗಳು ಇದನ್ನು ನಮ್ಮ ಊರಿನ ಲೆಕ್ಕದಲ್ಲಿ ತೂಗಿ ನೋಡಬೇಕು. ವಡಗಾವಿ, ಖಾಸಬಾಗ, ಶಹಾಪುರದ ನೇಕಾರ ಹಗಲೂ ರಾತ್ರಿ ಮಗ್ಗದ ಮೇಲೆ ನೇಯುತ್ತಾನೆ. ಸೀರೆಯ ಅಂಚು ಯಾವ ಬಣ್ಣದ್ದಾಗಬೇಕೆಂದು ಹೇಳುವವನು ಮಾತ್ರ ನೂಲು ಕೊಟ್ಟ ಸಾಹುಕಾರ. ಪೇಟೆಯಲ್ಲಿ ಓಡದು ಎಂದು ಅವನಿಗೆ ಅನ್ನಿಸಿದ ಅಂಚು ಮಗ್ಗಕ್ಕೆ ಏರುವುದೇ ಇಲ್ಲ. ಕ್ಯಾಲಿಫೋರ್ನಿಯಾದ ಕಂಪ್ಯೂಟರಿನ ಮುಂದೆ ಕುಳಿತವನ ಪಾಡೂ ಇದೇ. ಅವನ ಪಗಾರ ದೊಡ್ಡದಿರಬಹುದು, ಅವನ ಕೋಣೆ ತಂಪಾಗಿರಬಹುದು. ತಾನು ಮಾಡಿದ ಮಾಲಿನ ಮೇಲೆ ಅವನ ಮಾತು ನಡೆಯುವುದಿಲ್ಲ. ಒಗ್ಗಟ್ಟಾಗಿ ನಿಂತಾಗ ಮಾತ್ರ ನಡೆಯಿತು.

ಹಾಗೆಂದು ಕಂಪನಿಗೆ ಧೀರಪಟ್ಟ ಕಟ್ಟಬೇಕಾದ ಕಾರಣವಿಲ್ಲ. 2020ರಲ್ಲಿ ‘ಆನ್‌ವರ್ಡ್’ ಎಂಬ ಇದೇ ಕಂಪನಿಯ ಚಿತ್ರದಲ್ಲಿ ಪೊಲೀಸು ಹೆಂಗಸೊಬ್ಬಳು ತನ್ನ ಗೆಳತಿಯ ಮಗಳ ಬಗ್ಗೆ ಒಂದೇ ಒಂದು ಮಾತು ಆಡುತ್ತಾಳೆ. ರಷ್ಯದ ಭಾಷೆಗೆ ಬರುವಾಗ ‘ಗೆಳತಿ’ ಮಾಯವಾಗಿ, ಗಂಡೋ ಹೆಣ್ಣೋ ತಿಳಿಯದ ‘ಜೊತೆಗಾರ’ ಎಂಬ ಶಬ್ದ ಬಂದು ಕುಳಿತಿತು. 2024ರ ಡಿಸೆಂಬರಿನಲ್ಲಿ, ಅಮೆರಿಕದ ರಾಜಕೀಯ ಗಾಳಿ ತಿರುಗಿದಾಗ, ಪಿಕ್ಸಾರಿನ ‘ವಿನ್ ಆರ್ ಲೂಸ್’ ಎಂಬ ಸರಣಿಯಲ್ಲಿದ್ದ ಲಿಂಗಾಂತರಿ ಹುಡುಗಿಯ ಕಥಾಭಾಗವನ್ನು ಡಿಸ್ನಿ ತೆಗೆದುಹಾಕಿತು. ಗಾಳಿ ಬಂದ ಕಡೆ ತೂರಿಕೊಳ್ಳುವ ವ್ಯಾಪಾರ ಇದು. ಜಪಾನಿನ ‘ಸೈಲರ್ ಮೂನ್’ ಎಂಬ ಹಳೆಯ ಕಾರ್ಟೂನಿನಲ್ಲಿ ಪರಸ್ಪರ ಪ್ರೀತಿಸುವ ಇಬ್ಬರು ಹುಡುಗಿಯರಿದ್ದರು. ಇಂಗ್ಲಿಷಿಗೆ ತಂದವರು ಅವರನ್ನು ಚಿಕ್ಕಪ್ಪ-ದೊಡ್ಡಪ್ಪನ ಮಕ್ಕಳನ್ನಾಗಿ ಮಾಡಿದರು. ಪ್ರೇಮದ ನೋಟಗಳು ಹಾಗೆಯೇ ಉಳಿದವು, ನಂಟು ಮಾತ್ರ ಬದಲಾಯಿತು. ಯಾವುದು ಹೆಚ್ಚು ಅಸಹ್ಯವೆಂದು ಓದುಗರೇ ಹೇಳಬೇಕು.

ಇನ್ನು ತಂದೆತಾಯಿಗಳ ಭಯ. ಅದನ್ನು ನಗೆಯಾಡಿ ತಳ್ಳಿಹಾಕುವವರ ಗುಂಪಿಗೆ ನಾನು ಸೇರಿದವನಲ್ಲ. ಚಿಕ್ಕ ಮಕ್ಕಳಿಗೆ ಮುತ್ತಿನ ದೃಶ್ಯವೇ ಬೇಡ ಎಂದು ಒಬ್ಬ ತಾಯಿ ಹೇಳಿದರೆ ಅದು ನ್ಯಾಯವಾದ ಮಾತು. ಆದರೆ ಆ ನ್ಯಾಯ ಎಲ್ಲರಿಗೂ ಒಂದೇ ಆಗಿರಬೇಕು. ರಾಜಕುಮಾರ ನಿದ್ದೆಯಲ್ಲಿದ್ದ ರಾಜಕುಮಾರಿಗೆ ಮುತ್ತಿಟ್ಟು ಎಬ್ಬಿಸುವ ಚಿತ್ರಗಳನ್ನು ಮೂರು ತಲೆಮಾರು ಮಕ್ಕಳಿಗೆ ತೋರಿಸಿದವರು ಈಗ ಒಮ್ಮೆಲೇ ಮಡಿವಂತರಾದರೆ ಹೇಗೆ? ನೋಡಿದ್ದನ್ನೇ ಮಕ್ಕಳು ಆಗುತ್ತಾರೆಂಬ ವಾದವಂತೂ ನಿಲ್ಲುವುದಿಲ್ಲ. ಹುಟ್ಟಿದಂದಿನಿಂದ ಗಂಡು-ಹೆಣ್ಣಿನ ಕಥೆಯನ್ನೇ ನೋಡುತ್ತ ಬೆಳೆದ ಮನೆಗಳಲ್ಲಿಯೇ ಈ ಬೇರೆ ಬಗೆಯ ಮಕ್ಕಳು ಹುಟ್ಟಿದ್ದಾರೆ. ನಮ್ಮ ಹುಡುಗರು 2012ರಿಂದ ನೋಡುತ್ತಿರುವ ‘ಮೋಟು ಪತ್ಲು’ ತೆಗೆದುಕೊಳ್ಳಿರಿ. ಫುರ್ಫುರಿ ನಗರದಲ್ಲಿ ಇಬ್ಬರು ಗಂಡಸರು ಒಂದೇ ಮನೆಯಲ್ಲಿ ಸಮೋಸಾ ತಿಂದುಕೊಂಡು ಇದ್ದಾರೆ. ಹೆಂಡತಿ ಮಕ್ಕಳ ಸುದ್ದಿಯೇ ಇಲ್ಲ. ಅವರು ಬರೀ ಗೆಳೆಯರು, ಅದು ಸರಿ. ಅದನ್ನು ನೋಡಿ ನಮ್ಮ ಹುಡುಗರು ಮದುವೆ ಒಲ್ಲೆ ಎಂದು ಕುಳಿತ ಸುದ್ದಿ ಬೆಳಗಾವಿಯಲ್ಲಿ ನಾನು ಕೇಳಿಲ್ಲ. ಸಮೋಸಾ ಕೇಳಿ ಹಟ ಮಾಡಿದ್ದುಂಟು. ಮೊನ್ನೆ 2025ರಲ್ಲಿ ಬೆಂಗಳೂರಿನ ಹೊಂಬಾಳೆ ಸಂಸ್ಥೆ ‘ಮಹಾವತಾರ ನರಸಿಂಹ’ ಎಂಬ ಅನಿಮೇಷನ್ ಚಿತ್ರವನ್ನು ಜನರ ಮುಂದಿಟ್ಟಿತು. ಅರ್ಧ ಮನುಷ್ಯ ಅರ್ಧ ಸಿಂಹವನ್ನು ಮಕ್ಕಳು ತಕರಾರಿಲ್ಲದೆ ಒಪ್ಪಿಕೊಂಡರು.

‘ಇದೆಲ್ಲ ನಮ್ಮ ನಾಡಿನದಲ್ಲ’ ಎಂಬುದು ಇನ್ನೊಂದು ಮಾತು. ಇದನ್ನು ಸವದತ್ತಿ ಎಲ್ಲಮ್ಮನ ಗುಡ್ಡ ಇರುವ ಜಿಲ್ಲೆಯ ಜನ ಹೇಳಬಾರದು. ಭಾರತ ಹುಣ್ಣಿಮೆಯ ಜಾತ್ರೆಗೆ ಚಕ್ಕಡಿ ಕಟ್ಟಿಕೊಂಡು, ಈಗ ಟ್ರ್ಯಾಕ್ಟರು ಹತ್ತಿ, ‘ಉಧೋ ಉಧೋ’ ಎನ್ನುತ್ತ ಹೋಗುವವರು ನಾವೇ. ಅಲ್ಲಿ ಸೀರೆಯುಟ್ಟು, ತಲೆಯ ಮೇಲೆ ಕೊಡ ಹೊತ್ತು ಕುಣಿಯುವ ಜೋಗಪ್ಪನ ಕೈಯಿಂದ ಭಂಡಾರ ಹಚ್ಚಿಸಿಕೊಳ್ಳುವವರೂ ನಾವೇ. ಊರಿಗೆ ಮರಳಿದ ಮೇಲೆ ಅದೇ ಜೋಗಪ್ಪನಿಗೆ ಬಾಡಿಗೆಗೆ ಒಂದು ಕೋಣೆ ಕೊಡಲು ಒಲ್ಲೆನೆನ್ನುವವರು ಯಾರು? ಬಳ್ಳಾರಿ ಸೀಮೆಯಲ್ಲಿ ಹುಟ್ಟಿದ ಮಂಜಮ್ಮ ಜೋಗತಿಯವರು ಎಳೆಯ ಪ್ರಾಯದಲ್ಲಿ ಮನೆಗೆ ಹೊರಗಾಗಿ, ವಿಷ ಕುಡಿದು ಬದುಕಿ ಉಳಿದು, ಭಿಕ್ಷೆ ಬೇಡಿ, ಜೋಗತಿ ಕುಣಿತ ಕಲಿತವರು. 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದರು. 2021ರಲ್ಲಿ ಪದ್ಮಶ್ರೀ ಸ್ವೀಕರಿಸಿದರು. ಅದೇ 2021ರಲ್ಲಿ ನಮ್ಮ ರಾಜ್ಯ ಸರಕಾರ ಲಿಂಗತ್ವ ಅಲ್ಪಸಂಖ್ಯಾತರಿಗೆ ಸರಕಾರಿ ನೌಕರಿಗಳಲ್ಲಿ ಶೇಕಡಾ 1ರ ಮೀಸಲಾತಿ ತಂದಿತು. ದೇಶದಲ್ಲಿ ಮೊದಲು ತಂದ ರಾಜ್ಯ ನಮ್ಮದು. ಮಂಜಮ್ಮನವರ ಬಾಳಿನ ಕಥೆಗಿಂತ ಒಳ್ಳೆಯ ಕಾರ್ಟೂನು ಚಿತ್ರದ ಕಥೆ ಬೇಕೇ? ಕೊಡವಿದೆ, ಕುಣಿತವಿದೆ, ಹಾಡಿದೆ, ಕಷ್ಟವಿದೆ, ಗೆಲುವಿದೆ. ಮಾಡುವವರು ಬೇಕು ಅಷ್ಟೆ.

ಇಲ್ಲಿ ಒಂದನ್ನು ಬಿಡಿಸಿ ಹೇಳಬೇಕು. ಜೋಗಪ್ಪನ ಮಾತು ಬೇರೆ, ಹೆಣ್ಣನ್ನು ಪ್ರೀತಿಸುವ ಹೆಣ್ಣಿನ ಮಾತು ಬೇರೆ. ಎರಡನ್ನೂ ಒಂದೇ ಚೀಲದಲ್ಲಿ ಹಾಕಿ ಕುಲುಕುವುದು ಅಜ್ಞಾನ. ಅಲ್ಲದೆ ಮುತ್ತು ಕಟ್ಟಿಸಿಕೊಳ್ಳುವುದು ಏನೋ ದೊಡ್ಡ ಗೌರವವೆಂದು ನಾನು ಹಾಡಿಹೊಗಳುತ್ತಿಲ್ಲ. ಮನೆಯಲ್ಲಿ ಜಾಗ, ಕೈಗೆ ಕೆಲಸ ಕೊಡಲಾರದ ಸಮಾಜ ದೇವಿಯ ಹೆಸರಿನಲ್ಲಿ ಒಂದು ಪಡ್ಡಲಗಿ ಕೊಟ್ಟು ಕೈತೊಳೆದುಕೊಂಡಿತು. ಇಂಥವರು ನಮ್ಮ ನಡುವೆ ಮೊದಲಿನಿಂದಲೂ ಇದ್ದಾರೆ, ಅವರನ್ನು ಯಾವ ಕಂಪನಿಯೂ ಹಡಗಿನಲ್ಲಿ ತಂದು ಇಳಿಸಲಿಲ್ಲ ಎಂಬಷ್ಟೇ ನನ್ನ ವಾದ.

ನಾನು ಕೆಲವು ವರ್ಷ ಸಾಲಿ ಮಾಸ್ತರನಾಗಿದ್ದವನು. ನಡಿಗೆ ಮೆತ್ತಗಿರುವ ಹುಡುಗನನ್ನು, ಗಂಡುಬೀರಿ ಎನಿಸಿಕೊಂಡ ಹುಡುಗಿಯನ್ನು ತರಗತಿ ಹೇಗೆ ಹುರಿದು ಮುಕ್ಕುತ್ತದೆಂದು ಕಣ್ಣಾರೆ ಕಂಡಿದ್ದೇನೆ. ಹುಡುಗರು ಆ ಬೈಗುಳಗಳನ್ನು ಹೊಟ್ಟೆಯಿಂದ ತಂದವರಲ್ಲ. ಹೆಣ್ಣಿಗನೆಂಬವನನ್ನು ನಗೆಪಾಟಲಿಗೇ ಇಟ್ಟುಕೊಂಡ ನಮ್ಮ ಸಿನಿಮಾಗಳಿಂದ ಕಲಿತವರು. ಹೈದರಾಬಾದಿನ ಸಂಸ್ಥೆಯೊಂದು 2008ರಿಂದ ತೋರಿಸುತ್ತ ಬಂದ ‘ಛೋಟಾ ಭೀಮ್’ನಲ್ಲಿ ಪುಂಡನ ಹೆಸರು ಕಾಲಿಯಾ. ಕರಿಯ ಎಂದರ್ಥ. ಮೈ ದಪ್ಪ, ಹೆಸರು ಕರಿಯ, ಬುದ್ಧಿ ಕೆಟ್ಟದ್ದು. ಇದನ್ನು ಮಗು ನೋಡಿದರೆ ಕೆಡುತ್ತದೆ ಎಂದು ಯಾವ ಚಹದಂಗಡಿಯಲ್ಲಿಯೂ ಗದ್ದಲವಾಗಲಿಲ್ಲ. ಉರಿಬಿಸಿಲಿನಲ್ಲಿ ದುಡಿದು ಕಪ್ಪಾದ ಅಪ್ಪನ ಮಗ ಅದನ್ನು ನೋಡಿ ಏನು ಕಲಿತನೆಂದು ಕೇಳುವವರೂ ಇಲ್ಲ.

ಪರದೆಯ ಮೇಲೆ ತನ್ನ ಮುಖ ಇಲ್ಲದಿರುವುದು ಎಂದರೇನೆಂದು ಕನ್ನಡದ ಮಗುವಿಗೆ ಚೆನ್ನಾಗಿ ಗೊತ್ತು. 1960ರ ದಶಕದಿಂದ ಕನ್ನಡಕ್ಕೆ ಡಬ್ಬಿಂಗ್ ಬೇಡವೆಂಬ ಬರೆಯದ ಕಟ್ಟಳೆ ನಡೆದುಬಂತು. ಕನ್ನಡ ಕಲಾವಿದರ, ಕೆಲಸಗಾರರ ಅನ್ನ ಉಳಿಸುವುದು ಅದರ ಹಿಂದಿನ ಕಾರಣ. ಅದು ಪೊಳ್ಳು ಕಾರಣವಲ್ಲ. ಆದರೆ ಅದರ ಪೆಟ್ಟು ಮಕ್ಕಳಿಗೂ ಬಿತ್ತು. 2009ರಲ್ಲಿ ಚಿಂಟು ಟಿವಿ ಬರುವವರೆಗೆ ಕಾರ್ಟೂನು ಕನ್ನಡದಲ್ಲಿ ಮಾತಾಡುತ್ತದೆಂಬುದೇ ನಮ್ಮ ಮಕ್ಕಳಿಗೆ ಹೊಸದು. 2015ರಲ್ಲಿ ಸ್ಪರ್ಧಾ ಆಯೋಗ ಆ ಕಟ್ಟಳೆ ಕಾನೂನಿಗೆ ವಿರುದ್ಧವೆಂದು ತೀರ್ಪು ಕೊಟ್ಟಿತು. ಆದರೂ 2019ರಲ್ಲಿ ‘ಲಯನ್ ಕಿಂಗ್’ ಹಿಂದಿ, ತಮಿಳು, ತೆಲುಗಿನಲ್ಲಿ ಘರ್ಜಿಸಿತು, ಕನ್ನಡದಲ್ಲಿ ಘರ್ಜಿಸಲಿಲ್ಲ. ಕನ್ನಡ, ಮರಾಠಿ, ಉರ್ದು ಒಂದೇ ಓಣಿಯಲ್ಲಿ ಆಡುವ ನಮ್ಮ ಊರಿನ ಮಕ್ಕಳು ಹಿಂದಿಯ ಸಿಂಹವನ್ನೇ ನೋಡಿದರು. ಕಾರ್ಟೂನಿನ ಮನೆಯಲ್ಲಿ ಮಗ್ಗವಿಲ್ಲ, ಎಣ್ಣೆ ಮೆತ್ತಿದ ಅಂಗಿಯ ಅಪ್ಪನಿಲ್ಲ, ಸಾಲದ ವಹಿಯಿಲ್ಲ. ಹೀಗೆ ಹೊರಗೆ ಉಳಿದವರು ನಾವು. ಹೊರಗೆ ಉಳಿದ ಇನ್ನೊಬ್ಬರು ಒಳಗೆ ಕಾಲಿಟ್ಟರೆ ಬಾಗಿಲು ಹಾಕಲು ಓಡುವವರೂ ನಾವೇ ಆದರೆ, ಧಣಿಗಳಿಗೆ ಅದಕ್ಕಿಂತ ಹಬ್ಬವಿಲ್ಲ.

ಕಾನೂನಿನ ಮಾತನ್ನೂ ಚುಟುಕಾಗಿ ಹೇಳಿಬಿಡುತ್ತೇನೆ. ವಯಸ್ಕರಾದ ಇಬ್ಬರು ಒಪ್ಪಿ ಬಾಳುವುದು ಅಪರಾಧವಲ್ಲವೆಂದು ಸುಪ್ರೀಂ ಕೋರ್ಟು 2018ರ ಸೆಪ್ಟೆಂಬರ್ 6ರಂದು ಹೇಳಿತು. 2023ರ ಅಕ್ಟೋಬರಿನಲ್ಲಿ ಅದೇ ಕೋರ್ಟು ಇಂತಹ ಜೋಡಿಗೆ ಮದುವೆಯ ಹಕ್ಕು ಕೊಡಲು ಒಪ್ಪಲಿಲ್ಲ. 2024ರಲ್ಲಿ ಕೇಂದ್ರ ಸರಕಾರ ಎರಡು ವಿಷಯ ಸ್ಪಷ್ಟಪಡಿಸಿತು: ರೇಶನ್ ಕಾರ್ಡಿನ ಮಟ್ಟಿಗೆ ಇವರನ್ನು ಒಂದೇ ಮನೆಯವರೆಂದು ಎಣಿಸಬೇಕು, ಬ್ಯಾಂಕಿನಲ್ಲಿ ಜಂಟಿ ಖಾತೆ ತೆರೆಯಲು ಅಡ್ಡಿಯಿಲ್ಲ. ರೇಶನ್ ಅಂಗಡಿಯ ಅಕ್ಕಿಗೆ ಒಂದು ಮನೆಯಾದವರು ಮಕ್ಕಳ ಚಿತ್ರದಲ್ಲಿ ಮಾತ್ರ ಮನೆಯಾಗಬಾರದೆಂದರೆ ಅದು ಯಾವ ಲೆಕ್ಕ?

ಇಷ್ಟಾದರೂ ‘ಮಗು ಕೇಳಿದರೆ ಏನು ಹೇಳಲಿ, ಮಾಸ್ತರ?’ ಎಂದು ಕೇಳುವವರಿದ್ದಾರೆ. ‘ಅವರಿಬ್ಬರೂ ಕೂಡಿ ಸಂಸಾರ ಮಾಡ್ಯಾರ, ತಮ್ಮಾ’ ಎಂದರೆ ಆರು ವರ್ಷದ ಹುಡುಗನಿಗೆ ಅಷ್ಟು ಸಾಕು. ಅವನ ಮುಂದಿನ ಪ್ರಶ್ನೆ ಅದೇ ಚಿತ್ರದಲ್ಲಿರುವ ಯಂತ್ರದ ಬೆಕ್ಕು ಹೇಗೆ ನಡೆಯುತ್ತದೆಂಬುದು. ಅದಕ್ಕೆ ಉತ್ತರ ನನ್ನ ಬಳಿ ಇಲ್ಲ. ಆಟೋ ನಗರದ ಮಿಸ್ತ್ರಿಗಳನ್ನೇ ಕೇಳಬೇಕು.