ಉಳಿಯೂ ಚರ್ಮದ ಪಟ್ಟಿಯೂ

ಮರಗೆಲಸದಲ್ಲಿ ವಿದ್ಯಾರ್ಥಿಗೆ ಮೊದಲು ಕಲಿಸತಕ್ಕದ್ದು ಕೊರೆಯುವುದನ್ನಲ್ಲ, ಉಳಿಯನ್ನು ಹರಿತಗೊಳಿಸುವುದನ್ನು ಎಂದು ನಾವು ಭಾವಿಸುತ್ತೇವೆ. ಮೊಂಡು ಉಳಿಯಿಂದ ಅಪಾಯ ಕಡಿಮೆಯೆಂದು ಹಲವರು ನಂಬಿರುವರು. ಸತ್ಯವು ಇದಕ್ಕೆ ವಿರುದ್ಧ. ಬಲವನ್ನು ಕ್ಷೇತ್ರಫಲದಿಂದ ಭಾಗಿಸಿದರೆ ಬರುವುದೇ ಒತ್ತಡ. ಆದುದರಿಂದ ಅಂಚು ದಪ್ಪವಾದಷ್ಟೂ ಅಧಿಕ ಬಲ ಬೇಕಾಗುತ್ತದೆ. ಬಲವಾಗಿ ನೂಕಿದ ಉಳಿ ಜಾರಿದರೆ ಗಾಯವಾಗುವುದು ಕೈಗೆ.

ಸಾಣೆಕಲ್ಲಿನ ಮೇಲೆ ಉಜ್ಜಿದ ಮಾತ್ರಕ್ಕೆ ಕೆಲಸ ಮುಗಿಯುವುದಿಲ್ಲ. ಅಲಗಿನ ಎರಡು ಮುಖಗಳು ಕೂಡುವೆಡೆಯಲ್ಲಿ ಉಕ್ಕಿನ ಅತಿ ತೆಳುವಾದ ಎಳೆಯೊಂದು ಮಡಿಚಿಕೊಂಡು ಉಳಿದಿರುತ್ತದೆ. ಅದನ್ನು ತೆಗೆದು ಅಂಚಿಗೆ ನಯ ಕೊಡುವುದೇ ಚರ್ಮದ ಪಟ್ಟಿಯ ಕೆಲಸ. ಹಿಂದೆ ಕ್ಷೌರಿಕರು ಕತ್ತಿಯನ್ನು ತೀಡುತ್ತಿದ್ದುದೂ ಇಂಥದರ ಮೇಲೆಯೇ. ಮರಗೆಲಸಕ್ಕಾದರೋ ಚರ್ಮವನ್ನು ಸಮತಟ್ಟಾದ ಹಲಗೆಗೆ ಅಂಟಿಸಿ, ಕ್ರೋಮಿಯಂ ಆಕ್ಸೈಡಿನ ಹಸಿರು ಲೇಪವನ್ನು ಸವರುವುದುಂಟು. ಉತ್ತಮ ಲೇಪದ ಕಣಗಳ ಗಾತ್ರ ಸುಮಾರು 0.5 ಮೈಕ್ರಾನ್, ಆದರೂ ಅವು ಉಕ್ಕನ್ನು ಸವೆಸುವಷ್ಟು ಗಡುಸು.

ಉಳಿಯನ್ನು ಸದಾ ಅಂಚು ಹಿಂದಿರುವಂತೆ ಎಳೆಯಬೇಕು. ಮುಂದಕ್ಕೆ ನೂಕಿದರೆ ಚರ್ಮವೇ ಸೀಳೀತು. ಕೈ ಹಗುರವಾಗಿರಬೇಕು; ಬಲವಾಗಿ ಒತ್ತಿದರೆ ಕುಗ್ಗಿದ ಚರ್ಮವು ಅಂಚಿನ ಹಿಂದೆಯೇ ಪುಟಿದೆದ್ದು ಅದನ್ನು ದುಂಡಾಗಿಸುತ್ತದೆ. ಪ್ರತಿ ಮುಖಕ್ಕೆ 10ರಿಂದ 20 ಎಳೆತಗಳು ಸಾಕು. ಅನಂತರ ಮೆದುಮರದ ತುಂಡಿನ ಅಡ್ಡಕೊಯ್ದ ತುದಿಯನ್ನು ಕೆತ್ತಿ ನೋಡಿರಿ. ನಾರು ಹರಿಯದೆ, ಮುಖ ನುಣುಪಾಗಿ ಬಂದರೆ ಪರೀಕ್ಷೆಯಲ್ಲಿ ಉಳಿ ಗೆದ್ದಂತೆ.

ಯಂತ್ರಗಳ ಯುಗದಲ್ಲಿ ಈ ಶ್ರಮವೇಕೆಂದು ಕೇಳುವವರುಂಟು. ಪುಸ್ತಕದಲ್ಲಿ ಓದಿದ ಒತ್ತಡದ ಸೂತ್ರವನ್ನು ಕೈಯೇ ಅರಿಯುವ ಅವಕಾಶ ಇಷ್ಟು ಅಗ್ಗವಾಗಿ ಬೇರೆಲ್ಲಿ ದೊರೆತೀತು? ಪ್ರತಿಯೊಂದು ಶಾಲೆಯ ಕಾರ್ಯಾಗಾರದಲ್ಲಿಯೂ ಉಳಿಯ ಪಕ್ಕದಲ್ಲಿ ಒಂದು ತುಂಡು ಚರ್ಮವಿರಲಿ.